ಒಂದು ಮನೆ, ಎರಡು ನಂಬಿಕೆ

ಕಳೆದ ವರ್ಷ ಗಣೇಶ ಚೌತಿ ಕಳೆದ ವಾರದಲ್ಲಿ ನಮ್ಮ ಸಂಘದ ವಾಚನಾಲಯಕ್ಕೆ ಧಾರವಾಡದ ಕಡೆಯ ಹಿರಿಯ ತಾಯಿಯೊಬ್ಬರು ಬಂದಿದ್ದರು. ಮುಂಬಯಿಗೆ ಬಂದು ನಾಲ್ವತ್ತು ವರ್ಷ ದಾಟಿದವರು. ಕನ್ನಡದಷ್ಟೇ ಸರಾಗವಾಗಿ ಮರಾಠಿಯನ್ನೂ ಓದಬಲ್ಲವರು. ಎಂದಿನಂತೆ ಪುಸ್ತಕ ಬದಲಾಯಿಸಿಕೊಂಡು ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. ಅವರ ಮಗ ಎರಡು ವರ್ಷದ ಹಿಂದೆ ತನ್ನ ಇಚ್ಛೆಯಿಂದಲೇ ಕ್ರೈಸ್ತನಾಗಿದ್ದ ಸಂಗತಿ ನಮಗೆ ತಿಳಿದಿತ್ತು. ಅವರಾಗಿಯೇ ಮಾತು ತೆಗೆದದ್ದು ಅದೇ ಮೊದಲು.

"ಮಗ ಮನೀಗೆ ಬರ್ತಾನ್ರೀ, ಕೂಡ್ತಾನ, ಚಹಾ ಕುಡೀತಾನ. ನೈವೇದ್ಯದ ಕಡಬು ಮುಂದಿಟ್ರ ಮಾತ್ರ ಒಲ್ಲೆ ಅಂತಾನ. ನಾ ಮಾಡಿದ ಕಡಬಿನಾಗ ಏನು ಪಾಪ ಅದರೀ?"

ಆ ಪ್ರಶ್ನೆಗೆ ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಗ ದುಷ್ಟನಲ್ಲ, ತಾಯಿ ಹಟಮಾರಿಯಲ್ಲ. ಇಬ್ಬರ ನಡುವೆ ಒಂದು ಬಟ್ಟಲು ಕಡಬು ಬೆಟ್ಟದಂತೆ ನಿಂತುಬಿಟ್ಟಿತ್ತು. ಇಂಥ ಬೆಟ್ಟ ನಮ್ಮ ಸದಸ್ಯರ ಮನೆಗಳಲ್ಲಿ ಇದೊಂದೇ ಅಲ್ಲವೆಂದು ಬಲ್ಲೆವು. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ. ಹುಟ್ಟಿನಿಂದಲೇ ಕ್ರೈಸ್ತರಾದ ನಮ್ಮ ಮಂಗಳೂರು ಬಂಧುಗಳು ಸಣ್ಣಗೆ ನಕ್ಕಾರು. ಕ್ರಿಸ್ಮಸ್ಸಿಗೆ ಕುಸ್ವಾರಿನ ತಟ್ಟೆ ನೆರೆಮನೆಗೆಲ್ಲ ಹಂಚುವವರು ಅವರು. ಸೆಪ್ಟೆಂಬರ್ 8ರ ತೆನೆಹಬ್ಬದಂದು ಇಗರ್ಜಿಯಲ್ಲಿ ಮಂತ್ರಿಸಿದ ಭತ್ತದ ತೆನೆಯನ್ನು ಮನೆಗೆ ತಂದು ಎಲ್ಲರೂ ಒಟ್ಟಿಗೆ ಕೂತು ಹೊಸ ಅಕ್ಕಿ ಉಣ್ಣುವವರು. ಅವರಿಗೆ ದೇವರೂ ಮನೆಯೂ ಒಂದೇ ಪಂಕ್ತಿಯಲ್ಲಿ ಬರುತ್ತವೆ. ಕಷ್ಟವಿರುವುದು ಒಂದೇ ಮನೆಯಲ್ಲಿ ಒಬ್ಬರು ಪಂಕ್ತಿ ಬಿಟ್ಟು ಎದ್ದಾಗ.

ಕ್ರೈಸ್ತ ಶಾಸ್ತ್ರ ಈ ವಿಷಯದಲ್ಲಿ ಎರಡು ದನಿಯಲ್ಲಿ ಮಾತನಾಡುತ್ತದೆಯೆಂದು ಮೊದಲ ಓದಿಗೆ ತೋರುತ್ತದೆ. ತಂದೆತಾಯಿ, ಹೆಂಡತಿ ಮಕ್ಕಳ ಮೇಲಿನ ಮಮತೆಯನ್ನೂ ಹಿಂದಿಕ್ಕಿ ತನ್ನ ಹಿಂದೆ ಬರಬೇಕೆಂಬ ಯೇಸುವಿನ ಕಠಿನ ಮಾತು ಲೂಕನ ಸುವಾರ್ತೆಯಲ್ಲಿದೆ. ಹೊಸದಾಗಿ ನಂಬಿದವರು ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಇದನ್ನೇ. ಆದರೆ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ಅವರು ಅಷ್ಟೇ ಗಟ್ಟಿಯಾಗಿ ಓದುವುದು ಅಪರೂಪ. ತಂದೆತಾಯಿಗೆ ಸಲ್ಲಬೇಕಾದುದನ್ನು "ಇದು ದೇವರಿಗೆ ಮುಡಿಪು" ಎಂದು ಹೇಳಿ ತಪ್ಪಿಸಿಕೊಳ್ಳುವ ಧರ್ಮಿಷ್ಠರನ್ನು ಅಲ್ಲಿ ಅದೇ ಯೇಸು ಖಂಡಿಸುತ್ತಾನೆ. ಶಿಲುಬೆಯ ಮೇಲೆ ಪ್ರಾಣ ಬಿಡುವ ಹೊತ್ತಿನಲ್ಲೂ ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಿದ ಸಂಗತಿ ಯೋಹಾನನಲ್ಲಿದೆ. ಪೌಲನಂತೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಸಂಸಾರಸ್ಥನ ಹಾಗೆಯೇ ಮಾತನಾಡುತ್ತಾನೆ. ನಂಬದ ಹೆಂಡತಿ ಜೊತೆಯಲ್ಲಿ ಬಾಳಲು ಒಪ್ಪಿದರೆ ನಂಬಿದ ಗಂಡ ಅವಳನ್ನು ಬಿಡತಕ್ಕದ್ದಲ್ಲವೆಂಬುದು ಅವನ ತೀರ್ಪು. ಅದೇ ಪತ್ರದಲ್ಲಿ ನಮ್ಮ ತಾಯಿಯವರ ಕಡಬಿನ ಪ್ರಶ್ನೆಯೂ ಬರುತ್ತದೆ; ಅದಕ್ಕೆ ಆಮೇಲೆ ಬರುತ್ತೇವೆ.

ಶಾಸ್ತ್ರ ಹೀಗಿದ್ದರೂ ಬಾಳು ಹಾಗೆ ಸಾಗದೆ ಹೋದುದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. ಮಂಗಳೂರಿನ ಬಾಸೆಲ್ ಮಿಶನ್ನಿನವರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಕದಡಿಹೋಯಿತು. ಹರ್ಮನ್ ಮೋಗ್ಲಿಂಗ್ ಅವರನ್ನು ಬಾಸೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಓದಿ, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ತಿರುಗಿ ಬಂದರು. ಆದರೆ ಬಾಲ್ಯದಲ್ಲಿ ಕೈಹಿಡಿದ ಹೆಂಡತಿ ಅವರ ಬಳಿಗೆ ಬರಲಿಲ್ಲ. ಕೊನೆಗೆ ಆ ಸಂಬಂಧ ಕಡಿದುಹೋಗಿ 1860ರಲ್ಲಿ ಅವರು ಜರ್ಮನಿಯ ಹೆಣ್ಣೊಬ್ಬಳನ್ನು ಮದುವೆಯಾದರು. ಅವರು ಮುಂದೆ ಮಾಡಿದ ಕೆಲಸವನ್ನು ಮಿಶನ್ನಿನ ಚರಿತ್ರೆ ಆದರದಿಂದ ಹೇಳುತ್ತದೆ. ಹಿಂದೆ ಉಳಿದ ಆ ಹೆಣ್ಣುಮಗಳು ಏನೆಂದುಕೊಂಡಳೆಂಬುದನ್ನು ಅವಳ ಬಾಯಿಂದ ಕೇಳುವ ಭಾಗ್ಯ ನಮಗಿಲ್ಲ.

ಇಂಥ ಮನೆಗಳು ಹೆಚ್ಚಿದಾಗ ಸರಕಾರವೂ ನಡುವೆ ಬಂದಿತು. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು 1850ರ ಕಾನೂನು ಹೇಳಿತು. 1866ರಲ್ಲಿ ಇನ್ನೊಂದು ಕಾನೂನು ಬಂತು: ಕ್ರೈಸ್ತನಾದ ಕಾರಣಕ್ಕೆ ಹೆಂಡತಿ ಅಥವಾ ಗಂಡ ಜೊತೆಗಿರಲು ಒಪ್ಪದಿದ್ದರೆ ಮದುವೆಯನ್ನು ರದ್ದುಪಡಿಸಲು ಕೋರ್ಟಿಗೆ ಹೋಗಬಹುದು. ಆ ಕಾನೂನಿನಲ್ಲಿ ನಮಗೆ ಮೆಚ್ಚುಗೆಯಾದ ಅಂಶ ಒಂದೇ; ಮೊದಲ ವಿಚಾರಣೆಯ ಮೇಲೆ ನ್ಯಾಯಾಧೀಶ ಮೊಕದ್ದಮೆಯನ್ನು ಒಂದು ವರ್ಷ ಮುಂದೂಡಬೇಕಾಗಿತ್ತು. ಮನಸ್ಸು ತಿರುಗಲು ಕಾನೂನು ಕೊಟ್ಟ ಅವಧಿ ಒಂದು ವರ್ಷ. ಒಂದು ಮನೆಯಲ್ಲಿ ನಿಜವಾಗಿ ಎಷ್ಟು ಕಾಲ ಹಿಡಿಯಿತೆಂಬುದನ್ನು ತಿಳಿಯಬೇಕಾದರೆ ನಾವೀಗ ವಾಸವಾಗಿರುವ ಈ ಮರಾಠಿ ನೆಲದ ಕಥೆಯೊಂದನ್ನು ಕೇಳಬೇಕು. ಇದರಲ್ಲಿ ಹಿಂದೆ ಉಳಿದ ಹೆಣ್ಣೇ ಬಾಯಿಬಿಟ್ಟು ಮಾತನಾಡಿದ್ದಾಳೆ.

ಲಕ್ಷ್ಮೀಬಾಯಿ ತಿಳಕರು ಹುಟ್ಟಿದ್ದು 1868ರಲ್ಲಿ, ನಾಸಿಕದ ಹತ್ತಿರ ಗೋದಾವರಿಯ ದಡದ ಜಲಾಲಪುರದಲ್ಲಿ. ತಂದೆಯ ಮಡಿ ಎಂಥದೆಂದರೆ ಪೇಟೆಯಿಂದ ತಂದ ಉಪ್ಪನ್ನೂ ತೊಳೆಯಬೇಕು. ಉಪ್ಪು ತೊಳೆದರೆ ಉಳಿಯುವುದೇನು ಎಂದು ವಾಚಕರು ಕೇಳಬಹುದು. ಆ ಮನೆಯಲ್ಲಿ ಕೇಳುವ ಹಾಗಿರಲಿಲ್ಲ. ಹನ್ನೊಂದರ ಪ್ರಾಯದಲ್ಲಿ ನಾರಾಯಣ ವಾಮನ ತಿಳಕರೊಡನೆ ಮದುವೆ. ಗಂಡ ಕವಿ, ಸಂಸ್ಕೃತ ಬಲ್ಲವರು, ಮುಂಗೋಪಿ, ಒಂದೂರಲ್ಲಿ ನಿಲ್ಲದವರು, ಕೈಗೆ ಬಂದ ಹಣವನ್ನು ಅಲ್ಲಲ್ಲೇ ಕೊಟ್ಟುಬಿಡುವವರು. ಹೆಂಡತಿಗೆ ಅಕ್ಷರ ಕಲಿಸಿದವರೂ ಅವರೇ.

1893ರಲ್ಲಿ ತಿಳಕರು ರಾಜನಾಂದಗಾಂವಕ್ಕೆ ರೈಲಿನಲ್ಲಿ ಹೋಗುತ್ತಿದ್ದಾಗ ಎದುರು ಕೂತ ಐರೋಪ್ಯ ಗೃಹಸ್ಥನೊಬ್ಬ ಹೊಸ ಒಡಂಬಡಿಕೆಯ ಪುಸ್ತಕವೊಂದನ್ನು ಕೈಗಿತ್ತ. ಎರಡು ವರ್ಷದೊಳಗೆ ನೀನು ಕ್ರೈಸ್ತನಾಗುವೆ ಎಂದೂ ಹೇಳಿದನಂತೆ. ಪರ್ವತ ಪ್ರಸಂಗದ ಅಧ್ಯಾಯಗಳಿಗೆ ಬಂದಾಗ ಅವರ ಮನಸ್ಸು ಸೆರೆಸಿಕ್ಕಿತು. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನವಾಯಿತು. ಆಗ ಹೆಂಡತಿ ಎದುರಿಗಿರಲಿಲ್ಲ. ಮಗ ದತ್ತು 1891ರಲ್ಲಿ ಹುಟ್ಟಿದವನು, ಇನ್ನೂ ಹಸುಗೂಸು.

ಇಲ್ಲಿ ನಾವು ತಿಳಕರನ್ನು ಸುಲಭವಾಗಿ ಬಿಟ್ಟುಬಿಡಲಾರೆವು. ಅವರ ನಂಬಿಕೆ ಪ್ರಾಮಾಣಿಕವಾದುದೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಅವರು ಬಾಳಿದ ರೀತಿಯೇ ಅದಕ್ಕೆ ಸಾಕ್ಷಿ. ಆದರೆ ಬೆಲೆ ತೆತ್ತವರು ಯಾರು? ಅವರಿಗೆ ಹೊಸ ಸಭೆ ಸಿಕ್ಕಿತು, ಹೊಸ ಬಂಧುಗಳು ಸಿಕ್ಕರು, ಹಾಡಲು ಹೊಸ ಹಾಡು ಸಿಕ್ಕಿತು. ಆಕೆಗೆ ಸಿಕ್ಕಿದ್ದು ವಿಧವೆಯೂ ಅಲ್ಲದ ಸುಮಂಗಲೆಯೂ ಅಲ್ಲದ ಸ್ಥಿತಿ, ಮತ್ತು ಅಪ್ಪನೆಲ್ಲಿ ಎಂದು ಕೇಳುವ ಒಂದು ಮಗು. ನಂಬಿಕೆಯ ಸಲುವಾಗಿ ತಾನು ಎಲ್ಲವನ್ನೂ ತ್ಯಾಗ ಮಾಡಿದೆನೆಂದು ಹೇಳುವ ಗಂಡಸು, ತನ್ನ ತ್ಯಾಗದಲ್ಲಿ ಎಷ್ಟು ಪಾಲು ಹೆಂಡತಿಯ ಹೆಸರಿನಲ್ಲಿ ಬರೆದಿದೆಯೆಂದು ಲೆಕ್ಕ ಹಾಕುವುದು ಒಳ್ಳೆಯದು.

ಬಂಧುಗಳು ಆಕೆಯನ್ನು ಕೈಬಿಡಲಿಲ್ಲ. ಪಂಢರಪುರದಲ್ಲಿದ್ದ ಸೋದರಿಯ ಮನೆಯವರು ತಾಯಿಮಗನನ್ನು ಇಟ್ಟುಕೊಂಡು ಸಾಕಿದರು. ಜ್ಞಾನದೇವರು ಕನ್ನಡಿಗನೆಂದು ಹಾಡಿದ ಆ ವಿಠಲನ ಊರಿನಲ್ಲಿ, ಗಂಡ ಬದುಕಿದ್ದೂ ಇಲ್ಲದ ಹೆಂಗಸಾಗಿ ಆಕೆ ದಿನ ನೂಕಿದರು. ತಿಳಕರು ಮಾತ್ರ ಸಂಬಂಧದ ಎಳೆಯನ್ನು ಕಡಿಯಲಿಲ್ಲ. ಕಾಗದ ಬರೆದರು, ಅಲ್ಲಿಗೇ ಬಂದು ಕಂಡರು. 1866ರ ಕಾನೂನಿನ ಬಾಗಿಲು ತೆರೆದೇ ಇತ್ತು. ಅವರು ಅದನ್ನು ತಟ್ಟಲಿಲ್ಲ, ಮರುಮದುವೆಯಾಗಲಿಲ್ಲ. ಇದು ಅವರ ಪಾಲಿನ ಪುಣ್ಯ.

ಹೀಗೆ ಸುಮಾರು ಐದು ವರ್ಷ. ಕೊನೆಗೆ ಲಕ್ಷ್ಮೀಬಾಯಿ ಮಗನನ್ನು ಕರೆದುಕೊಂಡು ಗಂಡನಿದ್ದ ಅಹಮದನಗರಕ್ಕೆ ಬಂದರು. ಕ್ರೈಸ್ತಳಾಗಲು ಬಂದದ್ದಲ್ಲ, ಗಂಡನ ಬಳಿ ಇರಲು ಬಂದದ್ದು. ಆಕೆ ತನ್ನ ಅಡಿಗೆ, ತನ್ನ ನೀರು ಬೇರೆಯಾಗಿಯೇ ಇಟ್ಟುಕೊಂಡರು. ಉಪ್ಪು ತೊಳೆಯುವವರ ಮಗಳು ಇನ್ನೇನು ಮಾಡಿಯಾಳು? ಈ ಘಟ್ಟವೇ ನಮಗೆ ಇಡೀ ಕಥೆಯಲ್ಲಿ ಮುಖ್ಯವಾಗಿ ಕಂಡದ್ದು. ದೊಡ್ಡ ವಾದವಿವಾದಗಳೆಲ್ಲ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದವು. ಮೊದಲು ಒಟ್ಟಿಗೆ ಇರುವುದಾಯಿತು. ಒಟ್ಟಿಗೆ ಉಣ್ಣುವುದು ಆಮೇಲೆ. ಒಟ್ಟಿಗೆ ಪ್ರಾರ್ಥಿಸುವುದು ಎಲ್ಲಕ್ಕಿಂತ ಆಮೇಲೆ. ಮನೆಯವರೆಲ್ಲ ಒಂದೇ ದಿನ ತನ್ನಂತೆ ಆಗಬೇಕೆಂದು ಅವಸರಪಡುವವರು ಈ ಕ್ರಮವನ್ನು ತಲೆಕೆಳಗು ಮಾಡಿ ಕೆಡುತ್ತಾರೆ.

ಜಾತಿಭೇದ ದೇವರು ಮಾಡಿದ್ದೋ ಮನುಷ್ಯ ಮಾಡಿದ್ದೋ ಎಂಬ ಪ್ರಶ್ನೆ ಒಂದು ದಿನ ಆಕೆಯ ಮನಸ್ಸನ್ನೇ ಹಿಡಿದು ಅಲುಗಿಸಿತು. ಮನುಷ್ಯ ಮಾಡಿದ್ದೆಂದು ಹೊಳೆದ ಮೇಲೆ, ಯಾರ ಕೈಯಿಂದಲಾದರೂ ಉಣ್ಣುವೆನೆಂದು ನಿಶ್ಚಯಿಸಿಬಿಟ್ಟರು. ಕ್ರಿಸ್ತನಲ್ಲಿ ನಂಬಿಕೆ ಬಂದದ್ದು ಅದರ ನಂತರ, ಮತ್ತು ತನ್ನದೇ ದಾರಿಯಿಂದ. 1900ರಲ್ಲಿ ಆಕೆಯೂ ದೀಕ್ಷಾಸ್ನಾನ ಪಡೆದರು. ಆ ವರ್ಷವೇ ದೇಶದಲ್ಲಿ ಬರಗಾಲ. ಮಡಿಗೆ ಹೆದರಿ ಬೆಳೆದ ಆ ಹೆಂಗಸಿನ ಮನೆಯಲ್ಲಿ ಯಾರದೋ ಹಸಿದ ಮಕ್ಕಳು ತುಂಬಿಕೊಂಡರು.

ತಿಳಕರ ಸ್ವಭಾವ ದೀಕ್ಷಾಸ್ನಾನದಿಂದ ಬದಲಾಯಿತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಕೋಪವೂ ಹೋಗಲಿಲ್ಲ, ಕೈಯಲ್ಲಿ ಹಣ ನಿಲ್ಲುವುದನ್ನೂ ಕಲಿಯಲಿಲ್ಲ. ಹಳೆಯದನ್ನು ಪೂರ್ತಿ ಕಿತ್ತೊಗೆಯಲೂ ಇಲ್ಲ. ತುಕಾರಾಮರ ಅಭಂಗಗಳೇ ತನ್ನನ್ನು ಕ್ರಿಸ್ತನ ಬಳಿಗೆ ದಾಟಿಸಿದವೆಂಬ ಅರ್ಥದ ಮಾತಾಡುತ್ತಿದ್ದರು; ಕ್ರಿಸ್ತನನ್ನು ಅದೇ ಅಭಂಗದ ಧಾಟಿಯಲ್ಲಿ ಹಾಡಿದರು. ಮರಾಠಿ ಇಗರ್ಜಿಗಳಲ್ಲಿ ಅವರ ಹಾಡುಗಳು ಇಂದಿಗೂ ನಿಂತಿಲ್ಲ. 1917ರಲ್ಲಿ ಮಿಶನ್ನಿನ ಸಂಬಳವನ್ನು ಬಿಟ್ಟು 'ದೇವಾಚಾ ದರಬಾರ' ಎಂಬ ಬಳಗವನ್ನು ಕಟ್ಟಹೊರಟರು. ದೀಕ್ಷಾಸ್ನಾನವಾದವರಿಗೂ ಆಗದವರಿಗೂ ಅದರಲ್ಲಿ ಎಡೆಯಿತ್ತು. ಆ ಐದು ವರ್ಷಗಳ ಪಾಠ ಇಲ್ಲಿ ಕೆಲಸ ಮಾಡಿತೋ ಏನೋ, ಇದು ನಮ್ಮ ಊಹೆ ಮಾತ್ರ. 1919ರ ಮೇ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟುಹೋದ 'ಕ್ರಿಸ್ತಾಯನ' ಕಾವ್ಯಕ್ಕೆ ಅವರಿಂದ ಅಕ್ಷರ ಕಲಿತ ಹೆಂಡತಿ 64 ಅಧ್ಯಾಯಗಳನ್ನು ಬರೆದು ಸೇರಿಸಿದರು. ತಮ್ಮ ಬಾಳಿನ ಕಥೆಯನ್ನು 'ಸ್ಮೃತಿಚಿತ್ರೆ' ಎಂಬ ಹೆಸರಿನಲ್ಲಿ 1934ರಿಂದ ಭಾಗಭಾಗವಾಗಿ ಪ್ರಕಟಿಸಿದರು, 1936ರಲ್ಲಿ ಕಣ್ಣುಮುಚ್ಚಿದರು. ಗಂಡನ ಮೇಲಿನ ಸಿಟ್ಟನ್ನು ಅದರಲ್ಲಿ ಮುಚ್ಚಿಟ್ಟಿಲ್ಲ, ನಗೆಯನ್ನೂ ಮುಚ್ಚಿಟ್ಟಿಲ್ಲ. ಮರಾಠಿ ಬಲ್ಲ ನಮ್ಮ ವಾಚಕರು ಇದನ್ನು ಓದದೆ ಬಿಡಬಾರದು.

ಇಂದಿನ ಕಾಲ ಕೆಲವು ಗಂಟುಗಳನ್ನು ಸಡಿಲಿಸಿದೆ. 1954ರ ವಿಶೇಷ ವಿವಾಹ ಕಾನೂನಿನಂತೆ ಬೇರೆ ಬೇರೆ ಮತದವರು ಯಾರೂ ಮತ ಬಿಡದೆ ಮದುವೆಯಾಗಬಹುದು. ಕೆಥೋಲಿಕ ಸಭೆಯೂ 1970ರಿಂದ, ಮಕ್ಕಳನ್ನು ಆ ಸಭೆಯಲ್ಲಿ ಬೆಳೆಸುವ ವಿಷಯದಲ್ಲಿ ಕೆಥೋಲಿಕರಾದವರಿಂದ ಮಾತ್ರ ಮಾತು ತೆಗೆದುಕೊಳ್ಳುತ್ತದೆ. ಇನ್ನೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು. ಕಾನೂನಿನಿಂದ ಆಗುವುದು ಇಷ್ಟೇ. ಗೌರಿಯ ಹಬ್ಬಕ್ಕೆ ಬಂದ ಸೊಸೆ ಆರತಿಯ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕು, ತಂದೆಯ ತಿಥಿಯ ದಿನ ಕ್ರೈಸ್ತನಾದ ಮಗ ಏನು ಮಾಡಬೇಕು ಎಂಬುದಕ್ಕೆ ಯಾವ ಕಲಮೂ ಇಲ್ಲ.

ಕಡಬಿನ ಮಾತಿಗೆ ಬರೋಣ. ವಿಗ್ರಹಕ್ಕೆ ಒಪ್ಪಿಸಿದ್ದನ್ನು ಉಣ್ಣಬಹುದೇ ಎಂಬುದು ಕೊರಿಂಥದ ಕ್ರೈಸ್ತರಿಗೂ ದೊಡ್ಡ ತೊಡಕಾಗಿತ್ತು. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿರಿ, ಇದು ದೇವರಿಗೆ ಒಪ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ಬಿಡಿರಿ ಎಂಬರ್ಥದ ಬುದ್ಧಿಯನ್ನು ಪೌಲನು ಹೇಳಿದ್ದಾನೆ. ಹಾಗಾದರೆ ಮಗ ಒಲ್ಲೆನೆಂದದ್ದಕ್ಕೆ ಶಾಸ್ತ್ರದ ಆಧಾರವಿದೆ. ಅವನು ತಾಯಿಯ ಕೈಯಡಿಗೆಯನ್ನು ಒಲ್ಲೆನೆಂದದ್ದಲ್ಲ. ಈ ವ್ಯತ್ಯಾಸವನ್ನು ಅವನು ತಾಯಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನಮಗೆ ತಿಳಿದಷ್ಟನ್ನು ಆ ತಾಯಿಗೆ ಹೇಳಿ, 'ಸ್ಮೃತಿಚಿತ್ರೆ'ಯನ್ನು ಕೈಗೆ ಕೊಟ್ಟು ಕಳಿಸಿದೆವು.

ಪುಸ್ತಕ ವಾಚನಾಲಯಕ್ಕೆ ತಿರುಗಿ ಬಂದದ್ದು ಈ ವರ್ಷದ ಮಳೆಗಾಲದಲ್ಲಿ. ತಡವಾದುದಕ್ಕೆ ದಂಡ ಕೇಳುವ ಮನಸ್ಸು ನಮಗಾಗಲಿಲ್ಲ.

"ಐದು ವರ್ಷ ಕಾದರಂತ, ಓದಿದೆ," ಎಂದರು. "ನನ್ನ ಕಡೆ ಅಷ್ಟು ವರ್ಷ ಎಲ್ಲಿ ಅದಾವ್ರೀ? ಈ ಸಲ ಕಡಬು ಎರಡು ಸಲ ಕರೀತೀನಿ. ಮೊದಲಿಂದು ದೇವರ ಮುಂದ. ಎರಡನೇದು ಸೀದಾ ಒಲಿಯಿಂದ ಅವನ ತಾಟಿಗೆ."

ಮಗನಿಗೆ ಇದನ್ನು ಹೇಳಿದಿರಾ ಎಂದು ಕೇಳಿದೆವು.

"ಹೇಳಿಲ್ರೀ. ಅವನೂ ಒಂದು ಮಾತು ಕೇಳಲಿ," ಎಂದು ಕೊಡೆ ಬಿಚ್ಚಿಕೊಂಡು ಹೊರಟರು. ಚೌತಿಗೆ ಆಗ ಇನ್ನೂ ಮೂರು ವಾರವಿತ್ತು.