ಕಣ್ಣು ರಸ್ತೆಯಲ್ಲಿ, ಗಮನ ಫೋನಿನಲ್ಲಿ

ಮನೆಯಲ್ಲಿ ಮಕ್ಕಳ ಬಣ್ಣದ ಪೆನ್ಸಿಲ್‌ಗಳಿದ್ದರೆ ಒಂದು ಸಣ್ಣ ಆಟ ಆಡಿ. ಬಿಳಿ ಹಾಳೆಯ ಮೇಲೆ ‘ಕೆಂಪು’ ಎಂಬ ಪದವನ್ನು ನೀಲಿ ಪೆನ್ಸಿಲಿನಲ್ಲಿ ಬರೆಯಿರಿ. ‘ಹಸಿರು’ ಎಂಬುದನ್ನು ಕೆಂಪಿನಲ್ಲಿ, ‘ನೀಲಿ’ ಎಂಬುದನ್ನು ಹಸಿರಿನಲ್ಲಿ ಬರೆಯಿರಿ. ಹೀಗೇ ಅದಲು ಬದಲು ಮಾಡಿ ಇಪ್ಪತ್ತು ಪದ ಬರೆದು ಮನೆಯವರ ಕೈಗೆ ಕೊಡಿ. ಪದವನ್ನು ಓದಬಾರದು, ಬರೆದ ಬಣ್ಣ ಯಾವುದೆಂದು ಮಾತ್ರ ಬೇಗ ಬೇಗ ಹೇಳಬೇಕು. ನಾಲ್ಕೈದು ಪದ ದಾಟುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ತಮಾಷೆಯೆಂದರೆ, ಸರಾಗವಾಗಿ ಓದಬಲ್ಲ ಅಪ್ಪ ಅಮ್ಮ ತಡವರಿಸುತ್ತಾರೆ. ಬಣ್ಣ ಗೊತ್ತಿದ್ದು ಅಕ್ಷರ ಇನ್ನೂ ಕಲಿಯದ ಪುಟ್ಟ ತಂಗಿಗೆ ಈ ತೊಡಕೇ ಇಲ್ಲ!

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ ಇಂಥ ಪ್ರಯೋಗವನ್ನು 1935ರಲ್ಲಿ ಪ್ರಕಟಿಸಿದರು. ಓದುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಬೇಡವೆಂದರೂ ಕಣ್ಣು ಓದಿಬಿಡುತ್ತದೆ. ಅದನ್ನು ತಡೆದು ‘ಬಣ್ಣ ಹೇಳು’ ಎಂದು ಮನಸ್ಸಿನ ಲಗಾಮನ್ನು ಎಳೆದು ಹಿಡಿಯಬೇಕು. ಈ ಲಗಾಮು ಹಿಡಿಯುವ ಶಕ್ತಿ ನಮಗೆಲ್ಲರಿಗೂ ಇದೆ. ಆದರೆ ಅದು ಅಕ್ಷಯಪಾತ್ರೆಯಲ್ಲ. ಒಂದು ಕಡೆ ಬಳಸಿದರೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ.

ಚಹಾದ ಪಾತ್ರೆಗೆ ಬೆಕ್ಕಿನ ಊಟ

ಲಗಾಮು ಸಡಿಲವಾದರೆ ಏನಾಗುತ್ತದೆ? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ತಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತಿದ್ದರು. ಅವರು ಚಹಾ ಮಾಡುತ್ತಿದ್ದಾಗ ಹಸಿದ ಬೆಕ್ಕು ಕಾಲಬುಡದಲ್ಲಿ ಕೂಗತೊಡಗಿತು. ಅದಕ್ಕೆ ಹಾಕಲು ಡಬ್ಬಿ ತೆರೆದವರು, ಬೆಕ್ಕಿನ ಊಟವನ್ನು ಚಹಾದ ಪಾತ್ರೆಗೇ ಹಾಕಿಬಿಟ್ಟರು. ಎರಡೂ ರೂಢಿಯ ಕೆಲಸ, ಎರಡರಲ್ಲೂ ಚಮಚ ಪಾತ್ರೆಗೆ ಹೋಗಬೇಕು. ಗಮನ ಒಂದು ಕ್ಷಣ ಜಾರಿದಾಗ ಎರಡೂ ಅಡ್ಡಹಾಯ್ದವು. ಇಂಥ ಎಡವಟ್ಟುಗಳ ಅಧ್ಯಯನವೇ ಮುಂದೆ ರೀಸನ್ ಅವರ ಜೀವನದ ಕೆಲಸವಾಯಿತು.

1990ರಲ್ಲಿ ಅವರೂ ಅವರ ಜೊತೆಗಾರರೂ ವಾಹನ ಚಾಲಕರ ತಪ್ಪುಗಳನ್ನು ವಿಂಗಡಿಸಿದರು. ಮರೆವಿನಿಂದಾಗುವ ಎಡವಟ್ಟು, ನೋಟ ಅಥವಾ ಅಂದಾಜು ತಪ್ಪಿ ಆಗುವ ಪ್ರಮಾದ, ಗೊತ್ತಿದ್ದೂ ಮಾಡುವ ನಿಯಮಭಂಗ. ಫೋನ್ ಹಿಡಿದು ಗಾಡಿ ಓಡಿಸುವುದು ಮೂರನೆಯ ಸಾಲಿನದು. ಆದರೆ ಅದು ಮೊದಲೆರಡಕ್ಕೂ ಬಾಗಿಲು ತೆರೆಯುತ್ತದೆ. ಅಡುಗೆಮನೆಯಲ್ಲಾದರೆ ಚಹಾ ಚೆಲ್ಲಿ ನಗಬಹುದು. ರಸ್ತೆಯಲ್ಲಿ ಹಾಗಾಗುವುದಿಲ್ಲ.

ಗೊರಿಲ್ಲಾ ಬಂದರೂ ಕಾಣಲಿಲ್ಲ

‘ಕಣ್ಣು ರಸ್ತೆಯ ಮೇಲೇ ಇದೆಯಲ್ಲ, ಮಾತಾಡಿದರೇನಂತೆ?’ ಎಂದು ಹಲವರು ಕೇಳುತ್ತಾರೆ. ಇದಕ್ಕೆ ಉತ್ತರ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದಲ್ಲಿದೆ. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಅದನ್ನು 1999ರಲ್ಲಿ ಪ್ರಕಟಿಸಿದರು. ಚಿಕ್ಕದೊಂದು ವಿಡಿಯೋ. ಮೂವರು ಬಿಳಿ ಅಂಗಿಯವರು, ಮೂವರು ಕಪ್ಪು ಅಂಗಿಯವರು ಚೆಂಡನ್ನು ತಮ್ಮ ತಮ್ಮಲ್ಲೇ ದಾಟಿಸುತ್ತಿರುತ್ತಾರೆ. ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ದಾಟಿಸಿದರೆಂದು ನೋಡುಗರು ಎಣಿಸಬೇಕು. ನಡುವೆ ಗೊರಿಲ್ಲಾ ವೇಷ ತೊಟ್ಟವರೊಬ್ಬರು ಆಟಗಾರರ ಮಧ್ಯೆ ಬಂದು, ಎದೆ ಬಡಿದುಕೊಂಡು, ನಿಧಾನವಾಗಿ ಹೊರಟುಹೋಗುತ್ತಾರೆ. ಆಮೇಲೆ ‘ಗೊರಿಲ್ಲಾ ನೋಡಿದಿರಾ?’ ಎಂದು ಕೇಳಿದರೆ ಸುಮಾರು ಅರ್ಧದಷ್ಟು ಮಂದಿ ‘ಯಾವ ಗೊರಿಲ್ಲಾ?’ ಎಂದರು!

ಅವರ ಕಣ್ಣಿಗೆ ದೋಷವಿರಲಿಲ್ಲ. ಗಮನವೆಲ್ಲ ಎಣಿಕೆಗೆ ಖರ್ಚಾಗಿತ್ತು, ಅಷ್ಟೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಚಲನ್ ಕೌಂಟರಿಗೆ ಬಂದಿದೆ, ಆದರೆ ಲೆಡ್ಜರಿನಲ್ಲಿ ನಮೂದಾಗಿಲ್ಲ.

ಯೂಟಾದ ಪರೀಕ್ಷೆಗಳು

ಇದೇ ಕಣ್ಣಿದ್ದೂ ಕಾಣದ ಸ್ಥಿತಿ ಗಾಡಿ ಓಡಿಸುವಾಗಲೂ ಬರುತ್ತದೆಯೇ ಎಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಪರೀಕ್ಷಿಸಿದರು. ನಿಜವಾದ ರಸ್ತೆಯಲ್ಲಿ ಜೀವ ಪಣಕ್ಕಿಡುವಂತಿಲ್ಲ. ಹಾಗಾಗಿ ಪ್ರಯೋಗಾಲಯದಲ್ಲೇ ಚಾಲನೆಯಂಥ ಕೆಲಸ ಕೊಟ್ಟರು. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಂಪು ದೀಪ ಕಂಡೊಡನೆ ಬ್ರೇಕಿನ ಗುಂಡಿ ಒತ್ತಬೇಕಿತ್ತು. ಫೋನಿನಲ್ಲಿ ಮಾತಾಡುವಾಗ ಕೆಂಪು ದೀಪ ತಪ್ಪಿಸಿಕೊಳ್ಳುವುದು ಎರಡು ಪಟ್ಟು ಹೆಚ್ಚಾಯಿತು. ಕಂಡವರೂ ತಡವಾಗಿ ಒತ್ತಿದರು. ಫೋನನ್ನು ಕೈಯಲ್ಲಿ ಹಿಡಿದು ಮಾತಾಡಿದವರಿಗೂ ಕೈ ಬಳಸದೆ ಮಾತಾಡಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ರೇಡಿಯೋ ಕೇಳುತ್ತಿದ್ದವರಿಗೆ ಈ ತೊಂದರೆ ಆಗಲಿಲ್ಲ.

ಹಾಡಿಗೂ ಮಾತಿಗೂ ಏಕೆ ಈ ಭೇದ? ನೋಟಿನ ಕಟ್ಟು ಎಣಿಸಿದವರಿಗೆ ಇದು ಗೊತ್ತು. ಮೂಲೆಯಲ್ಲಿ ರೇಡಿಯೋ ಹಾಡುತ್ತಿದ್ದರೆ ಎಣಿಕೆ ನಡೆಯುತ್ತದೆ. ಎದುರಿಗೆ ನಿಂತವರು ‘ಸಾರ್, ನನ್ನ ಅಕೌಂಟಿನಲ್ಲಿ ಎಷ್ಟಿದೆ?’ ಎಂದು ಕೇಳಿದರೆ ಎಣಿಕೆ ಕೆಡುತ್ತದೆ. ಹಾಡು ನಮ್ಮಿಂದ ಉತ್ತರ ಕೇಳುವುದಿಲ್ಲ, ಮಾತು ಕೇಳುತ್ತದೆ. ಉತ್ತರ ಹುಡುಕಲು ಹೊರಟ ಮನಸ್ಸು ರಸ್ತೆಯನ್ನು ಬಿಟ್ಟೇ ಹೋಗುತ್ತದೆ.

2003ರಲ್ಲಿ ಇದೇ ತಂಡ ಚಾಲಕರ ಕಣ್ಣಿನ ಚಲನೆಯನ್ನೂ ಗುರುತಿಸಿತು. ರಸ್ತೆ ಬದಿಯ ಜಾಹೀರಾತು ಫಲಕಗಳ ಮೇಲೆ ಚಾಲಕರ ದೃಷ್ಟಿ ನೆಟ್ಟಿದ್ದು ಖಚಿತವಾಗಿದ್ದರೂ, ಫೋನಿನಲ್ಲಿ ಮಾತಾಡಿದವರು ಅವುಗಳನ್ನು ಆಮೇಲೆ ಗುರುತಿಸಿದ್ದು ತೀರ ಕಡಿಮೆ. ಫಲಕ ನೆನಪಾಗದಿದ್ದರೆ ನಷ್ಟವೇನಿಲ್ಲ. ಆದರೆ ಆ ಜಾಗದಲ್ಲಿ ಚೆಂಡಿನ ಹಿಂದೆ ಓಡಿಬಂದ ಮಗು ಇದ್ದಿದ್ದರೆ?

ಪ್ರಯೋಗಾಲಯದ ಹೊರಗಿನ ಸಾಕ್ಷ್ಯವೂ ಇದೆ. ಕೆನಡಾದ ಟೊರೊಂಟೊ ನಗರದಲ್ಲಿ ಅಪಘಾತಕ್ಕೀಡಾದ, ಮೊಬೈಲ್ ಹೊಂದಿದ್ದ 699 ಚಾಲಕರ ಫೋನ್ ಬಿಲ್ಲುಗಳನ್ನು ಸಂಶೋಧಕರು ಪರಿಶೀಲಿಸಿ 1997ರಲ್ಲಿ ವರದಿ ಮಾಡಿದರು. ಫೋನ್ ಬಳಸುವ ಹೊತ್ತಿನಲ್ಲಿ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಅಲ್ಲಿಯೂ ಕೈ ಬಳಸದ ಫೋನ್ ಹೆಚ್ಚು ಸುರಕ್ಷಿತ ಎಂದು ಕಂಡುಬರಲಿಲ್ಲ.

‘ನನಗೆ ಅಭ್ಯಾಸವಿದೆ’

ಈ ಮಾತು ಹೇಳದವರಿಲ್ಲ. ಯೂಟಾದ ತಂಡ ಅದನ್ನೂ ಪರೀಕ್ಷೆಗೆ ಒಡ್ಡಿತು. 200 ಮಂದಿಗೆ ಚಾಲನೆಯ ಜೊತೆಗೆ ಫೋನಿನಲ್ಲಿ ನೆನಪಿನ ಲೆಕ್ಕಗಳನ್ನು ಕೊಟ್ಟರು. ಎರಡೂ ಕೆಲಸವನ್ನು ಕುಂದಿಲ್ಲದೆ ಮಾಡಿದವರು ನೂರಕ್ಕೆ ಎರಡೂವರೆ ಮಂದಿ. ಅಂದರೆ 200ರಲ್ಲಿ ಕೇವಲ ಐವರು. 2010ರಲ್ಲಿ ಈ ಫಲಿತಾಂಶ ಬಂತು. ಮೂರು ವರ್ಷದ ನಂತರದ ಇನ್ನೊಂದು ಅಧ್ಯಯನದಲ್ಲಿ, ಒಟ್ಟಿಗೆ ಹಲವು ಕೆಲಸ ಮಾಡುವ ಚಾಳಿ ಹೆಚ್ಚಿದ್ದವರೇ ಆ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಆ ಐವರಲ್ಲಿ ನಾನೂ ಒಬ್ಬ ಎಂದು ನಂಬಿ ಗಾಡಿ ಏರುವುದು ಲಾಟರಿ ನಂಬಿ ಸಾಲ ಮಾಡಿದಂತೆ.

ಒಂದು ಚಿಕ್ಕ ಲೆಕ್ಕ ಮಕ್ಕಳೇ ಮಾಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ? 60,000 ಮೀಟರನ್ನು 3,600ರಿಂದ ಭಾಗಿಸಿ. ಹದಿನಾರು ಮೀಟರಿಗೂ ಮಿಕ್ಕಿ ಬರುತ್ತದೆ. ‘ಹಲೋ, ಯಾರು?’ ಎಂದು ಪರದೆ ನೋಡುವ ಮೂರು ಸೆಕೆಂಡಿನಲ್ಲಿ 50 ಮೀಟರ್. ಅಷ್ಟು ದೂರ ಗಾಡಿಗೆ ಚಾಲಕನೇ ಇರಲಿಲ್ಲವೆಂದು ತಿಳಿಯಿರಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಲ್ಲವೂ ಫೋನಿನಿಂದ ಆದದ್ದಲ್ಲ, ನಿಜ. ಆದರೆ ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು ಮಾತಾಡುತ್ತಾ ಹೋಗುವವರನ್ನು ನಾವು ದಿನವೂ ನೋಡುತ್ತೇವೆ. ಕೈ ಎರಡೂ ಹ್ಯಾಂಡಲಿನ ಮೇಲಿವೆ ಎಂಬ ಧೈರ್ಯ ಅವರದು. ಗಾಡಿಯನ್ನು ಕೈ ಮಾತ್ರವೇ ಓಡಿಸುವುದಿಲ್ಲ.

ಪಕ್ಕದ ಸೀಟಿನವರು

ಹಾಗಾದರೆ ಕಾರಿನಲ್ಲಿ ಪಕ್ಕದಲ್ಲಿ ಕೂತವರ ಜೊತೆ ಮಾತೇ ಆಡಬಾರದೇ? 2008ರಲ್ಲಿ ಯೂಟಾದವರು ಇದನ್ನೂ ನೋಡಿದರು. ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಗೊತ್ತಾದ ತಂಗುದಾಣಕ್ಕೆ ತಿರುಗಬೇಕೆಂದು ಚಾಲಕರಿಗೆ ಹೇಳಲಾಗಿತ್ತು. ಫೋನಿನಲ್ಲಿ ಸ್ನೇಹಿತರೊಡನೆ ಮಾತಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಿರುವನ್ನು ದಾಟಿ ಮುಂದೆ ಹೋದರು. ಅದೇ ಸ್ನೇಹಿತರು ಪಕ್ಕದಲ್ಲಿ ಕೂತಿದ್ದಾಗ ಹೆಚ್ಚಿನವರು ಸರಿಯಾಗಿ ತಿರುಗಿದರು. ಕಾರಣ ಸರಳ. ಪಕ್ಕದವರಿಗೂ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ಬಂದಾಗ ಅವರ ಮಾತು ತಾನಾಗಿ ನಿಲ್ಲುತ್ತದೆ. ‘ಅಗೋ ತಿರುವು’ ಎಂದು ತೋರಿಸುತ್ತಾರೆ. ಫೋನಿನ ಆ ತುದಿಯವರಿಗೆ ಲಾರಿಯೂ ಕಾಣದು, ತಿರುವೂ ಕಾಣದು. ಅವರು ಪಾಪ, ಮಾತಾಡುತ್ತಲೇ ಇರುತ್ತಾರೆ.

ಈ ಆ ತುದಿಯವರು ಯಾರು? ಹೆಚ್ಚಿನ ಸಲ ನಾವೇ, ಮನೆಯವರು. ‘ಎಲ್ಲಿದ್ದೀರಿ? ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ’, ‘ಅಪ್ಪಾ, ನನ್ನ ಡ್ರಾಯಿಂಗ್ ಶೀಟ್ ಮರೀಬೇಡ’. ಪ್ರೀತಿಯ ಮಾತುಗಳೇ. ಅದಕ್ಕೇ ಓಡಿಸುವವರಿಗೆ ಫೋನ್ ಎತ್ತದೆ ಇರಲಾಗುವುದಿಲ್ಲ. ದಂಡ ಹಾಕುವ ಪೊಲೀಸರು ರಸ್ತೆಯ ಆ ತುದಿಯನ್ನು ಮಾತ್ರ ಕಾಯಬಲ್ಲರು. ಈ ತುದಿಯನ್ನು ನಾವೇ ಕಾಯಬೇಕು.

ಇದು ಮಕ್ಕಳು ಮುಂದೆ ನಿಂತು ಮಾಡಬಹುದಾದ ಕೆಲಸ. ಫೋನ್ ಮಾಡಿದರೆ ಮೊದಲ ಪ್ರಶ್ನೆ ‘ಗಾಡಿ ಓಡಿಸ್ತಾ ಇದ್ದೀಯಾ?’ ಎಂದಿರಲಿ. ಹೌದು ಎಂದರೆ ‘ನಿಲ್ಲಿಸಿ ಆಮೇಲೆ ಮಾಡು’ ಎಂದು ನೀವೇ ಇಟ್ಟುಬಿಡಿ. ಮನೆಯಿಂದ ಹೊರಡುವ ಮೊದಲೇ ಸಾಮಾನಿನ ಚೀಟಿ ಬರೆದು ಅಪ್ಪನ ಜೇಬಿಗೋ ಅಮ್ಮನ ಬ್ಯಾಗಿಗೋ ಹಾಕಿ. ಕಾರಿನಲ್ಲಿ ಕೂತಾಗ ಫೋನನ್ನು ನಿಮ್ಮ ವಶಕ್ಕೆ ತೆಗೆದುಕೊಳ್ಳಿ; ಕರೆ ಬಂದರೆ ‘ಡ್ರೈವ್ ಮಾಡ್ತಿದ್ದಾರೆ, ಅರ್ಧ ಗಂಟೆ ಬಿಟ್ಟು ಮಾಡಿ’ ಎನ್ನಲು ನಿಮಗೆ ಬರುತ್ತದೆ. ಫೋನ್ ಎತ್ತದಿದ್ದರೆ ಸಿಟ್ಟಾಗುವ ಅಭ್ಯಾಸವನ್ನು ದೊಡ್ಡವರು ಬಿಡಬೇಕು. ಉತ್ತರ ಬರಲಿಲ್ಲವೆಂದರೆ, ಅವರ ಗಮನ ಇರಬೇಕಾದ ಕಡೆ ಇದೆ ಎಂದು ತಿಳಿದು ನೆಮ್ಮದಿಯಾಗಿರಿ. ಸೊಪ್ಪು ನಾಳೆಯೂ ತರಬಹುದು.