ವರಾಹದ ಮೇಲಣ ದೇವರು

ಹನುಮನಹಳ್ಳಿಯ ಸಮೀಪದಲ್ಲಿರುವ ಅಂಜನಾದ್ರಿಯೇ ಹನುಮಂತನ ಜನ್ಮಸ್ಥಳವೆಂಬುದು ಕೊಪ್ಪಳ ಸೀಮೆಯ ಜನರ ನಂಬಿಕೆ. ಹೊಳೆಯಾಚೆ ಹಂಪೆಯಲ್ಲಿ ತಲೆಯೆತ್ತಿದ ವಿಜಯನಗರದ ಮೊದಲ ಅರಸರಾದ ಹರಿಹರ, ಬುಕ್ಕರ ಚಿನ್ನದ ನಾಣ್ಯಗಳ ಮೇಲೂ ಹನುಮಂತನಿದ್ದಾನೆ. ಇದಕ್ಕೆ ಬೆಟ್ಟದ ಸಾಮೀಪ್ಯವೊಂದೇ ಕಾರಣವೆಂದು ನಾವು ಆತುರಪಡಬಾರದು. ಅವರಿಗಿಂತ ಮೊದಲೇ ಹಾನಗಲ್ಲಿನ ಕದಂಬರು ವಾನರಧ್ವಜವನ್ನು ಹೊಂದಿದ್ದರು.

ವಿಜಯನಗರದ ವರಾಹವು ಸುಮಾರು 3.4 ಗ್ರಾಂ ತೂಗುತ್ತದೆ. ಗಾತ್ರದಲ್ಲಿ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಕೆತ್ತಿದ ಎರಡು ಅಚ್ಚುಗಳ ನಡುವೆ ಚಿನ್ನದ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ಓರೆಯಾದರೆ ಅರಸನ ಹೆಸರಿನಲ್ಲಿ ಒಂದೆರಡು ಅಕ್ಷರಗಳು ಹಾರಿಹೋಗುತ್ತಿದ್ದವು. ಮುಂಬದಿಯಲ್ಲಿ ದೇವರು, ಹಿಂಬದಿಯಲ್ಲಿ ಅರಸನ ಹೆಸರು. ಅರಸನ ಮುಖವು ಮಾತ್ರ ಎಲ್ಲಿಯೂ ಇಲ್ಲ.

ಇದರ ವಿಶೇಷವನ್ನರಿಯಲು ಬೈಜಾಂಟಿಯಂ ಸಾಮ್ರಾಜ್ಯದತ್ತ ನೋಡಬೇಕು. ಅಲ್ಲಿನ ಚಿನ್ನದ ನಾಣ್ಯಗಳು ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿಯೂ ದೊರೆತಿವೆ. 7ನೆಯ ಶತಮಾನದ ಕೊನೆಯಲ್ಲಿ ಎರಡನೆಯ ಜಸ್ಟಿನಿಯನ್ ಚಕ್ರವರ್ತಿಯು ನಾಣ್ಯದ ಮುಂಬದಿಗೆ ಕ್ರಿಸ್ತನ ಮುಖವನ್ನು ತಂದು, ತಾನು ಹಿಂಬದಿಗೆ ಸರಿದು ‘ಕ್ರಿಸ್ತನ ಸೇವಕ’ ಎಂದು ಬರೆಸಿಕೊಂಡನು. ಆದರೂ ಶಿಲುಬೆ ಹಿಡಿದು ನಿಂತ ತನ್ನ ಚಿತ್ರವನ್ನು ಬಿಡಲಿಲ್ಲ. ವಿಜಯನಗರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆನ್ನಬಹುದು. ಅವರ ಶಾಸನಗಳ ಕೊನೆಯಲ್ಲಿ ಅರಸನ ಅಂಕಿತವಾಗಿ ‘ಶ್ರೀ ವಿರೂಪಾಕ್ಷ’ ಎಂದೇ ಇರುತ್ತಿತ್ತು. ರಾಜ್ಯವು ದೇವರದು, ಅರಸನು ಅದನ್ನು ನಡೆಸುವವನು ಎಂಬ ಭಾವವೇ ನಾಣ್ಯದಲ್ಲಿಯೂ ಮೂಡಿದೆಯೆಂದು ನಮಗೆ ತೋರುತ್ತದೆ.

ಹಾಗೆಂದು ಅರಸನ ಇಚ್ಛೆಗೆ ಎಡೆಯೇ ಇರಲಿಲ್ಲವೆಂದಲ್ಲ. ದೇವರಾಯರ ಕಾಲದ ವರಾಹಗಳಲ್ಲಿ ಉಮಾಮಹೇಶ್ವರರು ಕುಳಿತಿದ್ದಾರೆ. ಕೃಷ್ಣದೇವರಾಯನು 1514ರಲ್ಲಿ ಉದಯಗಿರಿಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹಕ್ಕೆ ಹಂಪೆಯಲ್ಲಿ ಗುಡಿ ಕಟ್ಟಿಸಿದನು. ಅವನ ವರಾಹದ ಮೇಲೆ ಕುಳಿತಿರುವವನೂ ಬಾಲಕೃಷ್ಣನೆಂದು ವಿದ್ವಾಂಸರು ಗುರುತಿಸುತ್ತಾರೆ. ಭಕ್ತಿಯೂ ವಿಜಯವಾರ್ತೆಯೂ ಒಂದೇ ಬಿಲ್ಲೆಯಲ್ಲಿ ಅಂಗಡಿಯಿಂದ ಅಂಗಡಿಗೆ ಸಾಗಿದವು! ಅವನ ತಮ್ಮ ಅಚ್ಯುತರಾಯನು ಆನೆಗಳನ್ನು ಕೊಕ್ಕುಗಳಲ್ಲೂ ಉಗುರುಗಳಲ್ಲೂ ಹಿಡಿದೆತ್ತಿದ ಗಂಡಭೇರುಂಡವನ್ನು ಅಚ್ಚೊತ್ತಿಸಿದನು. 1565ರ ಸೋಲಿನ ತರುವಾಯ ಆಳಿದ ವೆಂಕಟಪತಿರಾಯನ ನಾಣ್ಯದ ಹಿಂಬದಿಯಲ್ಲಂತೂ ‘ಶ್ರೀ ವೆಂಕಟೇಶ್ವರಾಯ ನಮಃ’ ಎಂಬ ದೇವರ ನಮನವೇ ಇದೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ತನ್ನ ವರಾಹದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡನು. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವೊಂದನ್ನು ಪಾರಸಿ ಲಿಪಿಯಲ್ಲಿ ಒತ್ತಿಸಿದನು, ಅಷ್ಟೆ. ವರ್ತಕರು ನೋಡಿದೊಡನೆ ಗುರುತು ಹಿಡಿಯುತ್ತಿದ್ದ ಮುದ್ರೆ ಅದು.