ಕೊಟ್ಟ ವಾಯಿದೆ, ಹೇರಿದ ವಾಯಿದೆ

2004ರ ಜುಲೈ 24, ಶನಿವಾರ. ಸಿಕಂದರಾಬಾದಿನ ಗ್ಲೋಬಲ್ ಟ್ರಸ್ಟ್ ಬ್ಯಾಂಕಿಗೆ ಕೇಂದ್ರ ಸರ್ಕಾರ ಮೂರು ತಿಂಗಳ ‘ಮೊರಟೋರಿಯಂ’ ವಿಧಿಸಿತು. ಖಾತೆಯಲ್ಲಿ ಎಷ್ಟೇ ಹಣವಿರಲಿ, ತೆಗೆಯಲು ಸಿಗುತ್ತಿದ್ದುದು 10,000 ರೂಪಾಯಿ. ಬೆಂಗಳೂರಿನ ವೈಶ್ಯ ಬ್ಯಾಂಕಿನ ಅಧ್ಯಕ್ಷರಾಗಿದ್ದ ರಮೇಶ್ ಗೆಲ್ಲಿ 1994ರಲ್ಲಿ ಹೈದರಾಬಾದಿಗೆ ಬಂದು ಕಟ್ಟಿದ ಬ್ಯಾಂಕ್ ಅದು. ಷೇರುಪೇಟೆಗೆ ಸುರಿದ ಸಾಲ ಮುಳುಗಿ ಬ್ಯಾಂಕ್ ಬರಿದಾಗಿತ್ತು.

ಅವತ್ತು ಸಾಲಗಾರ ಯಾರು? ಬ್ಯಾಂಕೇ. ನಾವು ಇಟ್ಟ ಠೇವಣಿ ಬ್ಯಾಂಕಿನ ಪಾಲಿಗೆ ಸಾಲ. ಅದನ್ನು ಮರಳಿಸುವ ಹೊಣೆ ಮುಂದಕ್ಕೆ ಹೋಯಿತು. ಮಗಳ ಮದುವೆಗೆಂದೋ ಮನೆಗೆಂದೋ ಕೂಡಿಟ್ಟವರು ಕಾಯಬೇಕಾಯಿತು. ಆಗಸ್ಟ್ 14ರಂದು ಬ್ಯಾಂಕು ಓರಿಯಂಟಲ್ ಬ್ಯಾಂಕ್ ಆಫ್ ಕಾಮರ್ಸ್‌ನಲ್ಲಿ ವಿಲೀನವಾಗಿ ಠೇವಣಿ ಉಳಿಯಿತು. ಷೇರುದಾರರಿಗೆ ಏನೂ ದಕ್ಕಲಿಲ್ಲ.

ಮೊರಟೋರಿಯಂ ಪದದ ಬೇರಿರುವ ಲ್ಯಾಟಿನ್‌ನಲ್ಲಿ ‘ಮೋರ’ ಎಂದರೆ ತಡ. ನಮ್ಮಲ್ಲಿ ಗಡುವು ಇದೆ, ವಾಯಿದೆ ಇದೆ. ಹೈದರಾಬಾದಿನ ಉರ್ದುವಿನಲ್ಲಿ ಮೊಹಲತ್. ವಾಯಿದೆಯ ಅರಬ್ಬಿ ಮೂಲಕ್ಕೆ ‘ಕೊಟ್ಟ ಮಾತು’ ಎಂಬ ಅರ್ಥ. ಸಾಲಗಾರ ಕೇಳುತ್ತಾನೆ, ಸಾಲ ಕೊಟ್ಟವನು ಒಪ್ಪುತ್ತಾನೆ. ಮಾತು ಇಬ್ಬರ ನಡುವಿನದು. ಕಾನೂನಿನ ಮೊರಟೋರಿಯಂನಲ್ಲಿ ಮೂರನೆಯವರು ಬರುತ್ತಾರೆ. ದಿವಾಳಿ ಸಂಹಿತೆಯ 14ನೇ ಕಲಮಿನಂತೆ, ಕಂಪನಿ ಕಾನೂನು ನ್ಯಾಯಮಂಡಳಿಯ ಹೈದರಾಬಾದ್ ಪೀಠ ಒಂದು ಕಂಪನಿಯ ದಿವಾಳಿ ಅರ್ಜಿಯನ್ನು ಅಂಗೀಕರಿಸಿದರೆ ಅದರ ವಿರುದ್ಧದ ದಾವೆ, ವಸೂಲಿ, ಜಪ್ತಿ ಎಲ್ಲ ನಿಲ್ಲುತ್ತವೆ. ಬಾಕಿ ಬರಬೇಕಾದವರ ಒಪ್ಪಿಗೆ ಬೇಕಿಲ್ಲ.

2020ರ ಮಾರ್ಚ್ 27ರಂದು ಇದೇ ಪದ ಮನೆಮನೆಗೆ ಬಂತು, ತಿರುವುಮುರುವಾಗಿ. ಈಗ ಸಾಲಗಾರರು ನಾವು. ಮೂರು ತಿಂಗಳು ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಆಮೇಲೆ ಆಗಸ್ಟ್ 31ರವರೆಗೆ ವಿಸ್ತರಿಸಿತು. ಸಾಲಮನ್ನಾ ಕೇಳಿ ಬೆಳೆದ ಕಿವಿಗೆ ಇದೂ ಮನ್ನಾದಂತೆ ಕೇಳಿಸುವುದು ಸಹಜ. ಆದರೆ ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಬಡ್ಡಿಯ ಮೇಲೆ ಬಡ್ಡಿ ಹಾಕುವಂತಿಲ್ಲ, ಆದರೆ ಪೂರ್ತಿ ಬಡ್ಡಿ ಮನ್ನಾ ಸಾಧ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಮಾರ್ಚ್ 23ರಂದು.

ಕನ್ನಡ ಪತ್ರಿಕೆಗಳ ಕ್ರಿಯಾಪದ ಗಮನಿಸಿ. ಗೃಹಸಾಲಕ್ಕೆ ಮೊರಟೋರಿಯಂ ‘ಸೌಲಭ್ಯ’ ಕೊಡುತ್ತಾರೆ. ಬ್ಯಾಂಕಿಗಾದರೆ ಮೊರಟೋರಿಯಂ ‘ಹೇರುತ್ತಾರೆ’. ಅರ್ಥ ಇರುವುದು ಆ ಪುಟ್ಟ ಕ್ರಿಯಾಪದದಲ್ಲಿ, ಅವಸರದಲ್ಲಿ ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ. ಒಂದನ್ನು ‘ಕಂತು ಮುಂದೂಡಿಕೆ’, ಇನ್ನೊಂದನ್ನು ‘ಠೇವಣಿ ತಡೆ’ ಎಂದು ಬರೆದರೆ, ಪಿಂಚಣಿ ಹಣ ಬ್ಯಾಂಕಿನಲ್ಲಿಟ್ಟವರಿಗೆ ತಲೆಬರಹ ಓದಿದ ಕೂಡಲೇ ವಿಷಯ ತಿಳಿದೀತು.